ಎಡಗೈ ಹುರಿಯ ಗುರುತು

ಬೆಳಿಗ್ಗೆ ಗುಳಿಮನೆಯ ಬಾಗಿಲು ತೆಗೆಯುವ ಕೆಲಸ ತಮಾಯೊಳದು. ನಮ್ಮ ಉತ್ಖನನ ಕೇಂದ್ರದ ಹಿತ್ತಲಲ್ಲಿ, ಸಾವಿರಾರು ವರ್ಷ ಹಿಂದೆ ಮಡಕೆಗೆ ಹುರಿ ಒತ್ತಿ ಗೆರೆ ಮೂಡಿಸುತ್ತಿದ್ದ ಹುರಿಗುರುತಿನ ಕಾಲದ ಜನ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ, ನೆಲ ತೋಡಿ ಮೇಲೆ ಹುಲ್ಲಿನ ಮಾಡು ಇಳಿಬಿಟ್ಟು ಒಂದು ಮನೆ ಮಾಡಿದ್ದೇವೆ. ಶಾಲೆಯ ಮಕ್ಕಳು ಬಂದಾಗ ಒಳಗೆ ಬೆಂಕಿ ಹಾಕಿ ಸುತ್ತ ಕೂರಿಸುತ್ತೇವೆ. ಅದರ ಬಾಗಿಲಲ್ಲಿ, ಕಾಲಿಡುವ ಜಾಗದಲ್ಲೇ, ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಒಂದು ಮಡಕೆ ಹೂತಿದೆ. ಆ ಕಾಲದ ಮನೆಗಳಲ್ಲಿ ಹಾಗೇ ಸಿಕ್ಕಿದೆ. ಹಸುಗೂಸು ಸತ್ತರೆ ಅದರಲ್ಲಿಟ್ಟು ಹೂಳುತ್ತಿದ್ದರು, ತಾಯಿ ದಿನಾ ಅದನ್ನು ದಾಟಿ ಓಡಾಡಿದರೆ ಮಗು ತಿರುಗಿ ಅವಳ ಹೊಟ್ಟೆಗೇ ಬರುತ್ತದೆಂದು ನಂಬಿದ್ದರು ಎನ್ನುತ್ತಾರೆ ಕೆಲವರು. ಅದೆಲ್ಲ ಏನಿಲ್ಲ, ಹೆರಿಗೆಯ ಮಾಸು ಹೂಳುವುದಕ್ಕೆ ಅಷ್ಟೇ ಎನ್ನುತ್ತಾರೆ ಇನ್ನು ಕೆಲವರು. ನಾನು ಪಂಡಿತಳಲ್ಲ, ಬೆಂಕಿ ನೋಡಿಕೊಳ್ಳುವವಳು. ಆದರೆ ತಮಾಯೊ ಯಾವ ಪಕ್ಷದವಳೆಂದು ನನಗೆ ಚೆನ್ನಾಗಿ ಗೊತ್ತು. ನಾವೆಲ್ಲ ಆ ಮಡಕೆಯನ್ನು ದಾಟದೆ ಪಕ್ಕದಿಂದ ಒಳಗೆ ಹೋಗುತ್ತೇವೆ. ಅವಳು ಮಾತ್ರ ಕಾಲು ಅಗಲಿಸಿ, ಗದ್ದೆಯ ಕಾಲುವೆ ದಾಟಿದ ಹಾಗೆ, ನೇರ ಅದರ ಮೇಲಿಂದಲೇ ದಾಟುತ್ತಾಳೆ.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಅಷ್ಟೇ.

"ಏನೇ, ಈ ವಯಸ್ಸಲ್ಲಿ ಇನ್ನೊಂದು ಹೆರೋ ಆಸೆನಾ?" ಎಂದೆ.

"ಇನ್ನೊಂದು ಬೇಡ ಯಾಸು ಅಕ್ಕ," ಎಂದಳು. "ಹೆತ್ತದ್ದೇ ಬಂದ್ರೆ ಸಾಕು."

ಹೀಗೆ ನನಗೆ ಅವಳ ಕಥೆ ಗೊತ್ತಾಯಿತು. ಒಂದೇ ಸಲಕ್ಕಲ್ಲ. ಸೌದೆ ಒಟ್ಟುವಾಗ ಸ್ವಲ್ಪ, ಮಡಕೆಚೂರು ತೊಳೆಯುವಾಗ ಸ್ವಲ್ಪ, ಚಹಾದ ಜೊತೆ ಸೊಪ್ಪಿನ ಉಪ್ಪಿನಕಾಯಿ ಕಡಿಯುವಾಗ ಸ್ವಲ್ಪ.

ಅವಳನ್ನು ಕೊಟ್ಟಿದ್ದು ಬೆಟ್ಟದ ಆ ಮಗ್ಗುಲಿನ ಕಣಿವೆಯ ಕಿಕುಹಾರಾ ಮನೆಗೆ. ಆ ಕಣಿವೆಯಲ್ಲಿ ಅರ್ಧಕ್ಕರ್ಧ ಮನೆಗಳು ಕಿಕುಹಾರಾಗಳೇ. ಕಲ್ಲೆಸೆದರೆ ಒಬ್ಬ ಕಿಕುಹಾರಾನ ತಲೆಗೆ ಬೀಳುತ್ತದೆ. ಎಲೆಕೋಸು ಬೆಳೆಯುವ ಮನೆ, ದುಡಿಮೆಗೇನೂ ಕಡಿಮೆ ಇಲ್ಲ, ತಮಾಯೊ ದುಡಿಮೆಗೆ ಅಂಜಿದವಳೂ ಅಲ್ಲ. ಅತ್ತೆಯ ಕಣ್ಣಿಗೆ ಚುಚ್ಚಿದ್ದು ಅವಳ ಎಡಗೈ. ತಮಾಯೊ ಊಟದ ಕಡ್ಡಿ ಹಿಡಿಯುವುದು, ಕೋಸು ಕೊಯ್ಯುವುದು, ಸೂಜಿ ಪೋಣಿಸುವುದು ಎಲ್ಲ ಎಡಗೈಯಲ್ಲೇ. ನೆಂಟರ ಎದುರು ಎಡಗೈಯಲ್ಲಿ ಉಣ್ಣುವ ಸೊಸೆ ಎಂದರೆ ಮನೆಯ ಮರ್ಯಾದೆ ಏನಾಗಬೇಕು ಎಂದು ಅತ್ತೆ ಗೊಣಗುತ್ತಿದ್ದರು. ಇವಳು ತಲೆ ತಗ್ಗಿಸಿ ಸಹಿಸಿಕೊಂಡಳು.

ಹಿಮ ಬೀಳುವ ದಿನ ಹೆಣ್ಣು ಹುಟ್ಟಿತು. ಕೊಯುಕಿ ಎಂದು ಹೆಸರಿಟ್ಟರು. ಮಗು ಚಮಚಕ್ಕೆ ಕೈಚಾಚುವ ಹೊತ್ತಿಗೆ ಚಾಚಿದ್ದೂ ಎಡಗೈಯನ್ನೇ. ಅತ್ತೆ ಒಂದು ಬಟ್ಟೆಪಟ್ಟಿ ತಂದು ಆ ಕೈಯನ್ನು ಮಗುವಿನ ಮೈಗೆ ಸೇರಿಸಿ ಕಟ್ಟಿದರು. ಅದನ್ನು ಮಾತ್ರ ತಮಾಯೊಗೆ ಸಹಿಸಲಾಗಲಿಲ್ಲ. ಅತ್ತೆ ಕಟ್ಟುವುದು, ಇವಳು ಬಿಚ್ಚುವುದು. ಅವರು ಮತ್ತೆ ಕಟ್ಟುವುದು, ಇವಳು ಮತ್ತೆ ಬಿಚ್ಚುವುದು. ಗಂಡ ಎನ್ನಿಸಿಕೊಂಡವನು ಪತ್ರಿಕೆಯಲ್ಲಿ ಮುಖ ಹುದುಗಿಸಿ ಕೂತ. ಒಂದು ಬಟ್ಟೆಪಟ್ಟಿಗಾಗಿ ಸಂಸಾರ ಮುರಿಯಿತು ಎಂದರೆ ಯಾರಾದರೂ ನಗುತ್ತಾರೆ. ಮುರಿಯಿತು. ಮಗು ಮನೆತನದ್ದು, ನೀನು ಬೇಕಾದರೆ ಹೋಗು ಎಂದರು. ಮಗುವಿಗಿನ್ನೂ ಮೂರು ತುಂಬಿರಲಿಲ್ಲ. ಆಮೇಲೆ ಗಂಡ ಬೇರೆ ಮದುವೆಯಾದ, ಬಂದವಳು ಒಳ್ಳೆಯವಳಂತೆ, ಮಗು ಅವಳನ್ನೇ ಹೆತ್ತಮ್ಮ ಎಂದುಕೊಂಡಿದೆಯಂತೆ. ಮಗುವಿಗೆ ಮೇಲಿಂದ ಮೇಲೆ ಜ್ವರ ಬರುತ್ತಿದ್ದದ್ದಕ್ಕೆ ಹೆಸರು ನೋಡಿ ಭವಿಷ್ಯ ಹೇಳುವವನ ಹತ್ತಿರ ಹೋಗಿ ಹೆಸರನ್ನೂ ಬದಲಾಯಿಸಿದರಂತೆ. ಹೊಸ ಹೆಸರು ಏನೆಂದು ಇವಳಿಗೆ ಯಾರೂ ಹೇಳಲಿಲ್ಲ.

ಹೊರಡುವಾಗ ಅತ್ತೆ ಮಾತು ತೆಗೆದುಕೊಂಡಿದ್ದರು: ಈ ಊರಿಗೆ ಕಾಲಿಡಬಾರದು, ಮಗುವಿಗೆ ತಾನು ಯಾರೆಂದು ಹೇಳಬಾರದು. ತಮಾಯೊ ಮಾತು ಕೊಟ್ಟಳು. ತಪ್ಪಲೂ ಇಲ್ಲ. ಆದರೆ ಎಲ್ಲ ಊರುಗಳ ಆರನೇ ತರಗತಿಯ ಮಕ್ಕಳು ಇತಿಹಾಸ ಓದಲು ಶುರುಮಾಡಿದ ವರ್ಷ ಮಡಕೆ ಮಾಡಲು ನಮ್ಮ ಕೇಂದ್ರಕ್ಕೆ ಬರುತ್ತಾರೆ. ಆ ಕಣಿವೆಯವರೂ ಬರುತ್ತಾರೆ. ಇವಳು ಹೋಗುವ ಹಾಗಿಲ್ಲ, ಸರಿ. ಮಗು ತಾನಾಗಿ ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಅದಕ್ಕೇ ಇವಳು ಇಲ್ಲಿ ಅರ್ಜಿ ಹಾಕಿದ್ದು. ಮೊದಲು ಮಣ್ಣು ಹೊರುವ ಕೆಲಸ, ಆಮೇಲೆ ಮಕ್ಕಳಿಗೆ ಕಲಿಸುವ ಕೆಲಸ. ಎಷ್ಟು ಚೆನ್ನಾಗಿ ಕಲಿಸುತ್ತಿದ್ದಳೆಂದರೆ ಪಟ್ಟಣದ ದೊಡ್ಡ ವಸ್ತುಸಂಗ್ರಹಾಲಯದವರು ಹೆಚ್ಚಿನ ಸಂಬಳದ ಮೇಲೆ ಕರೆದರು. ಹೋಗಲಿಲ್ಲ. ಇವಳಿಗೆ ಮಹತ್ವಾಕಾಂಕ್ಷೆಯೇ ಇಲ್ಲ ಎಂದು ನಮ್ಮ ಮುಖ್ಯಸ್ಥರು ಬೇಸರ ಮಾಡಿಕೊಂಡರು. ಪಾಪ, ಅವರಿಗೇನು ಗೊತ್ತು.

ಕಲಿಸುವುದೆಂದರೆ ಮುಖ್ಯವಾಗಿ ಹುರಿ ಹೊಸೆಯುವುದು. ನಾರನ್ನು ತೊಡೆಯ ಮೇಲಿಟ್ಟು, ಒಂದು ತುದಿ ಹಿಡಿದು, ಇನ್ನೊಂದು ಕೈಯಿಂದ ಮುಂದಕ್ಕೆ ಉಜ್ಜಬೇಕು. ಹಾಗೆ ಹೊಸೆದ ಎರಡು ಎಳೆಗಳನ್ನು ಜೋಡಿಸಿ ತಿರುಚಿದರೆ ಹುರಿ. ಆ ಹುರಿಯನ್ನು ಹಸಿ ಮಡಕೆಯ ಮೈಮೇಲೆ ಒತ್ತಿ ಉರುಳಿಸಿದರೆ ಓರೆ ಓರೆ ಗೆರೆ ಮೂಡುತ್ತದೆ. ತಮಾಯೊ ಎಡಗೈಯವಳಾದ್ದರಿಂದ ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಕನ್ನಡಿ ನೋಡಿದ ಹಾಗೆ ನೋಡಿ, ನನ್ನ ಕೈ ಹೋದ ಹಾಗೇ ನಿಮ್ಮ ಕೈ ಹೋಗಲಿ ಎನ್ನುತ್ತಿದ್ದಳು. ಅವಳ ಎಡ ಮಕ್ಕಳಿಗೆ ಬಲ. ಬೇರೆ ಕಡೆ ಗಂಟೆಗಟ್ಟಲೆ ಹಿಡಿಯುವ ಪಾಠ ಇವಳ ಎದುರು ಕೂತ ಮಕ್ಕಳಿಗೆ ಚಿಟಿಕೆ ಹೊಡೆಯುವುದರಲ್ಲಿ ಬರುತ್ತಿತ್ತು.

ನನಗೆ ಮಕ್ಕಳೆಂದರೆ ತಲೆನೋವು. ಅವು ಬಂದ ದಿನ ಕೇಂದ್ರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಕಾಲದವರು ಕಕ್ಕಸಿಗೆ ಎಲ್ಲಿ ಹೋಗುತ್ತಿದ್ದರು ಎಂದು ಪ್ರತಿ ತರಗತಿಯಲ್ಲೂ ಒಬ್ಬ ಹುಡುಗ ಕೇಳೇ ಕೇಳುತ್ತಾನೆ, ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಓಕ್ ಕಾಯಿ ಅರೆದು ನಾನು ಸುಟ್ಟ ಬಿಲ್ಲೆಗಳನ್ನು ಒಂದು ಕಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಬಸ್ಸು ಹೊರಟ ಮೇಲೆ ಅವು ಹುಲ್ಲಿನಲ್ಲಿ ಸಿಗುತ್ತವೆ. ತಮಾಯೊ ಮಾತ್ರ ಎಲ್ಲ ಮಕ್ಕಳನ್ನೂ ಒಂದೇ ಹಸಿವಿನಿಂದ ನೋಡುತ್ತಿದ್ದಳು. ತನ್ನ ಮಗಳಿಗೆ ಈಗ ಹಲ್ಲು ಬಿದ್ದಿರುತ್ತದೆ, ಈಗ ಸೈಕಲ್ ಬರುತ್ತಿರುತ್ತದೆ ಎಂದು ಬೇರೆಯವರ ಮಕ್ಕಳಲ್ಲಿ ಲೆಕ್ಕ ಹಾಕುತ್ತಿದ್ದಳು. 

ಕೊನೆಗೆ ಆ ವರ್ಷ ಬಂತು. ಮಳೆ ಹಿಡಿಯುವುದಕ್ಕೆ ಮುಂಚೆ ಒಂದು ದಿನ ಕಣಿವೆಯ ಶಾಲೆಯವರು ಬರುತ್ತಾರೆಂದು ಗೊತ್ತಾಯಿತು. ಮಕ್ಕಳ ಹೆಸರನ್ನು ಶಾಲೆಯವರು ನಮಗೆ ಹೇಳುವುದಿಲ್ಲ. ಮೇಷ್ಟರನ್ನು ಕೇಳಬಹುದಿತ್ತು. ಆದರೆ ಅವರೂ ಆ ಕಣಿವೆಯವರೇ, ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತಿತ್ತು.

"ನೋಡಿದ್ರೆ ಗೊತ್ತಾಗಲ್ವಾ, ಹೆತ್ತ ಕರುಳು?" ಎಂದೆ ನಾನು.

"ಗೊತ್ತಾಗತ್ತೆ," ಎಂದಳು. ಆದರೂ ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

ಮಕ್ಕಳು ಆಟದ ಉಡುಪಿನಲ್ಲಿ ಬಂದರು. ಎದೆಯ ಮೇಲೆ ಹೊಲಿದ ಪಟ್ಟಿಯಲ್ಲಿ ಮನೆತನದ ಹೆಸರು ಮಾತ್ರ. ಹುಡುಗಿಯರಲ್ಲಿ ಅರ್ಧ ಜನ ಕಿಕುಹಾರಾ. ತಮ್ಮತಮ್ಮಲ್ಲಿ ಕೂಗಿಕೊಳ್ಳುವುದೂ ಅಡ್ಡಹೆಸರುಗಳಿಂದಲೇ. ತಮಾಯೊ ಗುಳಿಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಂಡಳು. ಕಿಕುಹಾರಾ ಹುಡುಗಿಯರಲ್ಲಿ ಒಬ್ಬಳ ಗಲ್ಲದಲ್ಲಿ ಸಣ್ಣ ಗುಳಿಯಿತ್ತು. ತಮಾಯೊಳ ತಾಯಿಗೂ ಹಾಗೇ ಇತ್ತಂತೆ. ಹುಡುಗಿಯ ಹೆಸರು ಹಿನಾಕೊ, ಬಾಯಿ ಮುಚ್ಚದ ಮಾತುಗಾತಿ. ನಮ್ಮಜ್ಜಿ ಭಾರಿ ಜೋರು ಎಂದು ಕೂತಕೂಡಲೇ ಹೇಳಿದಳು. ಅಜ್ಜಿ ಜೋರು ಎಂದ ಮೇಲೆ ಇವಳೇ ಎಂದು ತಮಾಯೊಗೆ ಖಾತ್ರಿಯಾಯಿತು. ಆ ಕಣಿವೆಯಲ್ಲಿ ಜೋರಿಲ್ಲದ ಅಜ್ಜಿ ಯಾರು ಎಂದು ಅವಳು ಯೋಚಿಸಲಿಲ್ಲ.

ಬೆಳಗಿಡೀ ಹಿನಾಕೊಳದ್ದೇ ಉಪಚಾರ. ಅವಳ ಮಣ್ಣನ್ನು ತಾನೇ ನಾದಿಕೊಟ್ಟಳು, ಅವಳ ನಾರನ್ನು ತಾನೇ ಸೀಳಿಕೊಟ್ಟಳು. ನಾನು ಒಲೆ ಊದುತ್ತಾ ಕಣ್ಣೊರೆಸಿಕೊಂಡೆ, ಹೊಗೆ ಎಂದು ಹೇಳಿಕೊಂಡೆ. ಹುರಿ ಹೊಸೆಯುವ ಪಾಠದ ನಡುವೆ ಇನ್ನೊಬ್ಬಳು ಹುಡುಗಿ, ತೆಳ್ಳಗಿನ ಮೌನಿ, ತನ್ನ ಸಾಲಿನಿಂದ ಎದ್ದು ಬಂದು ತಮಾಯೊಳ ಬೆನ್ನ ಹಿಂದೆ ಕೂತಳು. ಭುಜದ ಮೇಲಿಂದ ಬಗ್ಗಿ ಅವಳ ಕೈಯನ್ನೇ ನೋಡುತ್ತಿದ್ದಳು. ಉಸಿರು ತಾಕಿರಬೇಕು, ತಮಾಯೊ ಅರ್ಧ ತಿರುಗಿದಳು.

"ಎದ್ದು ನಿನ್ನ ಜಾಗಕ್ಕೆ ಹೋಗಮ್ಮ," ಎಂದಳು. "ಎದುರಿಗೆ ಕೂತ್ರೆ ತಾನೇ ಕಾಣ್ಸೋದು?"

ಹುಡುಗಿ ಎದ್ದು ಹೋದಳು. ತಮಾಯೊ ಆಗಲೇ ಹಿನಾಕೊಳ ಕಡೆ ತಿರುಗಿಯಾಗಿತ್ತು. ಬಸ್ಸು ಹೊರಟಾಗ ಹಿನಾಕೊ ಕಿಟಕಿಯಿಂದ ಎರಡೂ ಕೈ ಬೀಸಿದಳು, ತಮಾಯೊ ರಸ್ತೆಯ ತಿರುವಿನವರೆಗೆ ಓಡಿದಳು. ಆ ಸಂಜೆಯಷ್ಟು ಸಂತೋಷದಲ್ಲಿ ನಾನು ಅವಳನ್ನು ನೋಡಿರಲಿಲ್ಲ. ಒಳಗೆ ಪಲ್ಯ ತುಂಬಿ ಸುಡುವ ಒಯಾಕಿ ರೊಟ್ಟಿಯನ್ನು ಬೂದಿಯಿಂದ ತೆಗೆದು ಊದಿಕೊಳ್ಳದೆ ತಿಂದು ನಾಲಿಗೆ ಸುಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನೆರಳುಕೋಣೆಯಲ್ಲಿ ಮಡಕೆಗಳನ್ನು ತಿರುಗಿಸಿಡುತ್ತಿದ್ದೆವು. ಹಸಿ ಮಡಕೆ ಒಂದೇ ಕಡೆ ಒಣಗಿದರೆ ಬಿರಿಯುತ್ತದೆ. ತಮಾಯೊ ಹಿನಾಕೊಳ ಮಡಕೆಯನ್ನು ಹುಡುಕಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅದರ ಮೈಮೇಲೆ ಗೆರೆಗಳು ಎಲ್ಲರದ್ದರ ಹಾಗೆ ಒಂದೇ ಕಡೆ ವಾಲಿದ್ದವು. ಆಮೇಲೆ ಹಲಗೆಯ ಕೊನೆಗೆ ಹೋದಳು, ಅಲ್ಲೇ ನಿಂತಳು. ಅಲ್ಲಿದ್ದ ಮಡಕೆಯ ಗೆರೆಗಳು ಉಲ್ಟಾ ಕಡೆಗೆ ವಾಲಿದ್ದವು. ಸೊಟ್ಟ ಒತ್ತಿದ್ದಲ್ಲ. ಹುರಿಯನ್ನೇ ಆ ಕಡೆಗೆ ಹೊಸೆದದ್ದು. ಎಡಗೈಯಲ್ಲಿ ಹೊಸೆದರೆ ಮಾತ್ರ ಹಾಗೆ ಬರುತ್ತದೆ. ನಮ್ಮಲ್ಲಿ ಹಾಗೆ ಬರುತ್ತಿದ್ದದ್ದು ತಮಾಯೊ ಮಾಡಿದ ಮಡಕೆಗಳಲ್ಲಿ.

ಅವಳು ಅದನ್ನು ಮೆಲ್ಲಗೆ ಮಗುಚಿದಳು. ಬುಡದಲ್ಲಿ ಮೊಳೆಯಿಂದ ಗೀಚಿತ್ತು: ಕಿಕುಹಾರಾ ಶಿನಾ.

ಎಡಗೈಯವರು ಊರಿಗೆ ಹತ್ತು ಜನ ಇರುತ್ತಾರೆ, ಇದರಿಂದ ಏನೂ ಹೇಳಲಾಗದು ಎಂದೆ ನಾನು. ಅವಳು ನೆಲದ ಮೇಲೆ ಕೂತುಬಿಟ್ಟಳು.

"ಎಲ್ಲರ ಥರ ಬಲಗೈ ಆಗಿದ್ದಿದ್ರೆ ಎದುರಿಗೇ ಕೂತು ಕಲಿತಿದ್ಳು. ಎದುರಿಂದ ತಿಳೀದೆ ನನ್ನ ಬೆನ್ನ ಹಿಂದೆ ಬಂದ್ಳು ಯಾಸು ಅಕ್ಕ. ನನ್ನ ಕೈ ನೋಡಕ್ಕೆ ಬಂದ್ಳು. ನಾನು ಎದ್ದು ಹೋಗು ಅಂದೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಪಕ್ಕದಲ್ಲಿ ಕೂತೆ ಅಷ್ಟೇ. ಇಷ್ಟು ವರ್ಷ ಕಾದು, ಮಗಳು ಉಸಿರು ತಾಕುವಷ್ಟು ಹತ್ತಿರ ಬಂದಾಗ ಅಟ್ಟಿದವಳಿಗೆ ಏನು ಹೇಳಬೇಕು? ಆಮೇಲೆ ಅವಳೇ ಮುಖ ಒರೆಸಿಕೊಂಡು, ಸುಡುವ ದಿನ ಮಕ್ಕಳು ಮತ್ತೆ ಬರುತ್ತಾರಲ್ಲ ಎಂದಳು. ಬರುತ್ತಾರೆ. ಮಡಕೆ ಚೆನ್ನಾಗಿ ಒಣಗಿದ ಮೇಲೆ, ಮಳೆ ನಿಂತು ಬೇಸಿಗೆ ರಜೆ ಶುರುವಾಗುವ ಮುಂಚೆ, ಬಯಲಲ್ಲಿ ಬೆಂಕಿ ಹಾಕಿ ಅವರೆದುರೇ ಸುಡುತ್ತೇವೆ. ಅದು ಕೊನೆಯ ಸಲ. ಆರನೇ ತರಗತಿ ಯಾರಿಗೂ ಎರಡು ಸಲ ಬರುವುದಿಲ್ಲ.

ಆ ಮಳೆಗಾಲವಿಡೀ ಅವಳು ಆ ಮಡಕೆಯನ್ನು ಕಾದಳು. ಹಸಿಗಾಳಿ ಬೀಸಿದರೆ ಬಟ್ಟೆ ಹೊದಿಸುವಳು, ಬಿಸಿಲು ಬಂದರೆ ನೆರಳಿಗೆ ಸರಿಸುವಳು. ಒಳಗೊಂದು ಗಾಳಿಗುಳ್ಳೆ ಇದ್ದರೆ ಸಾಕು, ಬೆಂಕಿಯಲ್ಲಿ ಸಿಡಿದು ಚೂರಾಗುತ್ತದೆ. ಅವಳ ಬೆರಳು ಎಷ್ಟು ತಡವಿದರೂ ಒಳಗಿನದ್ದು ಕಾಣುವುದಿಲ್ಲ. ನಾನೋ, ಬೆಂಕಿಯ ಉಸ್ತುವಾರಿಯವಳು, ಜೀವಮಾನದಲ್ಲಿ ಯಾವ ಬೆಂಕಿಗೂ ಅಷ್ಟು ಹೆದರಿರಲಿಲ್ಲ.

ಸುಡುವ ದಿನ ಬೆಟ್ಟ ಪೂರ್ತಿ ಕಾಣುವಷ್ಟು ಬಾನು ತಿಳಿಯಾಗಿತ್ತು. ಮೊದಲು ಬೆಂಕಿಯ ಸುತ್ತ ದೂರದಲ್ಲಿ ಮಡಕೆಗಳನ್ನಿಟ್ಟು ಬಿಸಿ ಮಾಡಿದೆ, ತಿರುಗಿಸುತ್ತಾ ಹತ್ತಿರ ತಂದೆ, ಕಪ್ಪಾದ ಮೇಲೆ ಕೆಂಡಕ್ಕೆ ನೂಕಿದೆ. ಮಕ್ಕಳು ಹುಲ್ಲಿನ ಮೇಲೆ ಕೂತಿದ್ದರು. ತಮಾಯೊ ಆ ಮೌನಿ ಹುಡುಗಿಯ ಹತ್ತಿರ ಹೋಗುವ ಧೈರ್ಯವಿಲ್ಲದೆ ಸೌದೆ ಎತ್ತಿಕೊಡುವ ನೆಪದಲ್ಲಿ ನನ್ನ ಸುತ್ತಲೇ ಸುತ್ತುತ್ತಿದ್ದಳು. ಕಾಲಿಗೆ ಅಡ್ಡ ಬರಬೇಡ ಎಂದು ಎರಡು ಸಲ ಗದರಿದೆ. ಕೊನೆಗೆ ಹುಡುಗಿಯೇ ಎದ್ದು ಅವಳ ಹತ್ತಿರ ಬಂದಳು. ಕೈಯಲ್ಲಿ ನಾರಿನ ಎಳೆಯಿತ್ತು.

"ಮಡಕೆ ಆಂಟಿ," ಎಂದಳು, ಮಕ್ಕಳೆಲ್ಲ ತಮಾಯೊಳನ್ನು ಕರೆಯುವುದು ಹಾಗೇ. "ನನ್ನದು ತಪ್ಪಾಗಿದೆ ಅಲ್ವಾ? ಎಲ್ಲರದ್ದೂ ಆ ಕಡೆ ವಾಲಿದೆ, ನನ್ನದು ಈ ಕಡೆ."

"ತಪ್ಪಾಗಿಲ್ಲ." ತಮಾಯೊ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು. "ಹಳೇ ಮಡಕೆಗಳಲ್ಲೂ ಹಾಗಿರೋದು ಇದೆ. ಆಗಿನ ಕಾಲದಲ್ಲೂ ಯಾರೋ ನಿನ್ನ ಥರ ಇದ್ರು."

"ನಾನು ಬರೆಯೋದು, ತಿನ್ನೋದು ಎಲ್ಲ ಬಲಗೈಲೇ. ಇದು ಮಾತ್ರ ಬಲಗೈಲಿ ಬರ್ಲಿಲ್ಲ." ಹುಡುಗಿ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. "ಚಿಕ್ಕೋಳಿದ್ದಾಗ ಅಜ್ಜಿ ಈ ಕೈನ ಬಟ್ಟೇಲಿ ಕಟ್ತಿದ್ರಂತೆ. ಯಾರೋ ಬಿಚ್ಚಿಬಿಡ್ತಿದ್ರಂತೆ. ಅದಕ್ಕೇ ಪೂರ್ತಿ ಬಲಗೈ ಆಗ್ಲಿಲ್ಲ ಅಂತ ಅಜ್ಜಿ ಈಗ್ಲೂ ಬೈತಾರೆ."

ನನ್ನ ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು. ತಮಾಯೊ ಬೆಂಕಿಯನ್ನೇ ನೋಡುತ್ತಿದ್ದಳು.

"ಯಾರು ಬಿಚ್ಚುತ್ತಿದ್ದದ್ದು?" ಎಂದು ಕೇಳಿದಳು.

"ಗೊತ್ತಿಲ್ಲ. ಕೇಳಿದ್ರೆ ಅಜ್ಜಿ ಹೇಳಲ್ಲ." ಹುಡುಗಿ ಭುಜ ಕುಣಿಸಿದಳು. "ಬಿಚ್ಚಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನನ್ನ ಮಡಕೆನೂ ಎಲ್ಲರ ಥರ ಆಗ್ತಿತ್ತು."

ಹೇಳಿಬಿಡೇ ಎಂದು ನನ್ನ ಜೀವ ಕೂಗುತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ಆ ಮಾತು ಬಸ್ಸು ಹತ್ತಿ ಕಣಿವೆಗೆ ಹೋಗುತ್ತಿತ್ತು, ಅಲ್ಲಿ ಅಮ್ಮ ಎಂದು ಕರೆಸಿಕೊಳ್ಳುವವಳ ಎದುರು ಊಟಕ್ಕೆ ಕೂರುತ್ತಿತ್ತು. ತಮಾಯೊ ಅದನ್ನು ನುಂಗಿಕೊಂಡಳು.  ಆಮೇಲೆ ಹುಲ್ಲಿನ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಹುಡುಗಿ ಅವತ್ತಿನ ಮಾತು ನೆನಪಿಟ್ಟುಕೊಂಡು ಎದುರಿಗೆ ಹೋಗಿ ಕೂರಲು ಹೊರಟಳು.

"ಎದುರಿಗೆ ಬೇಡ," ಎಂದಳು ತಮಾಯೊ. "ನೀನು ಇಲ್ಲಿ ಬಾ. ನನ್ನ ಪಕ್ಕ ಕೂತ್ಕೊ."

ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತು ಎಡಗೈಯಲ್ಲಿ ನಾರು ಹೊಸೆದರು. ಬೆಂಕಿಯಲ್ಲಿ ಟಪ್ಪೆಂದು ಯಾವುದೋ ಮಡಕೆ ಸಿಡಿಯಿತು, ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಸಿಡಿದದ್ದು ಹಿನಾಕೊಳದ್ದು. ಅವಳು ಅತ್ತಳು, ತಮಾಯೊ ನಾದಿಕೊಟ್ಟ ಮಣ್ಣು ತಾನೇ ಎಂದು ನನಗೂ ಪಾಪ ಎನ್ನಿಸಿತು. ಬೂದಿ ಆರಿದ ಮೇಲೆ ಶಿನಾಳ ಮಡಕೆಯನ್ನು ನಾನೇ ಕೋಲಿನಿಂದ ಹೊರಗೆಳೆದೆ. ಬಾಯಂಚಿನ ಕೂದಲೆಳೆಯಷ್ಟು ಬಿರುಕೊಂದನ್ನು ಬಿಟ್ಟರೆ ಇಡಿಯಾಗಿತ್ತು. ಇಬ್ಬರೂ ಹೊಸೆದ ಹುರಿಯನ್ನು ತಮಾಯೊ ಅದರ ಕುತ್ತಿಗೆಗೆ ಸುತ್ತಿ ಗಂಟು ಹಾಕಿಕೊಟ್ಟಳು. ಹುಡುಗಿ ಬಗ್ಗಿ ನಮಸ್ಕರಿಸಿ, ಮಡಕೆ ಅಪ್ಪಿಕೊಂಡು ಬಸ್ಸು ಹತ್ತಿದಳು. ಈ ಸಲ ತಮಾಯೊ ತಿರುವಿನವರೆಗೆ ಓಡಲಿಲ್ಲ. ಹುಲ್ಲಿನಲ್ಲಿ ಹುಡುಗಿ ಕೂತಿದ್ದ ಜಾಗದ ಪಕ್ಕದಲ್ಲೇ, ಹುಲ್ಲು ಎದ್ದು ನಿಲ್ಲುವವರೆಗೆ ಕೂತಿದ್ದಳು.

ಇದಾಗಿ ವರ್ಷಗಳು ಕಳೆದಿವೆ. ಶಿನಾ ಓದಲು ಹೊರಗೆ ಹೋದಳೆಂದು ಕೇಳಿದ್ದೇವೆ, ಅಷ್ಟೇ. ಪಟ್ಟಣದವರು ಮತ್ತೊಂದು ಸಲ ತಮಾಯೊಳನ್ನು ಕರೆದರು, ಈಗಂತೂ ಹೋಗಬಹುದಿತ್ತು. ಹೋಗಲಿಲ್ಲ. ಮಕ್ಕಳನ್ನು ಕೂರಿಸುವ ಮುಂಚೆ ಎಡಗೈಯವರು ಯಾರಾದರೂ ಇದ್ದರೆ ನನ್ನ ಪಕ್ಕ ಬನ್ನಿ ಎಂದು ಕೇಳುವುದೊಂದು ಹೊಸದು. ಉಳಿದದ್ದೆಲ್ಲ ಮೊದಲಿನ ಹಾಗೇ.

ಸುಟ್ಟ ದಿನದ ಮರುಬೆಳಿಗ್ಗೆ ಅವಳು ಎಂದಿನಂತೆ ಕಾಲು ಅಗಲಿಸಿ ಬಾಗಿಲ ಮಡಕೆಯನ್ನು ದಾಟಿದಾಗ ನಾನು ಹಿಂದೆಯೇ ಇದ್ದೆ. ಬಾಯಿ ಸುಮ್ಮನಿರಲಿಲ್ಲ.

"ಬಂದ್ಳಲ್ಲ ಮಗಳು. ಇನ್ನೂ ಯಾಕೆ ದಾಟ್ತೀಯ?"

ಅವಳು ಒಳಗಿನ ಕತ್ತಲಲ್ಲಿ ಬಗ್ಗಿ ಬೂದಿ ಕೆದಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಮತ್ತೆ ಹೋದ್ಳಲ್ಲ," ಎಂದಳು.